ಒಳಲೆ ದಿಬ್ಬದ ಗಂಟೆ

ಕೃಷ್ಣೆಯ ದಡದ ಬನ್ನಿಗೋಳದಲ್ಲಿ, ಊರಿಗಿಂತ ತುಸು ಎತ್ತರಕ್ಕೆ ಒಂದು ಕಲ್ಲುದಿಬ್ಬವಿದೆ. ಅದರ ಮೇಲೆ ಹೆಂಚಿನ ಸಣ್ಣ ಚರ್ಚು, ಚರ್ಚಿನ ಮುಂದೆ ಎರಡು ಕಲ್ಲುಕಂಬಗಳ ನಡುವೆ ತೂಗುವ ಕಂಚಿನ ಗಂಟೆ. ಊರವರ ಬಾಯಲ್ಲಿ ಇದು ಒಳಲೆ ದಿಬ್ಬ. ಹಸುಗೂಸಿಗೆ ಹಾಲು ಕುಡಿಸುವ ಒಳಲೆಗೂ ಇಷ್ಟು ದೊಡ್ಡ ಗಂಟೆಗೂ ಎಲ್ಲಿಯ ಸಂಬಂಧವೆಂದು ಹೊಸಬರು ಕೇಳಿದರೆ, ಹಿರಿಯರು ಮೊದಲು ಮಾರ್ತವ್ವನ ಹೆಸರು ಹೇಳುತ್ತಾರೆ.

ಹಿಂದೆ ಒಮ್ಮೆ, ದಿಬ್ಬದ ಮೇಲೆ ಬರೀ ಹುಲ್ಲಿನ ಚಪ್ಪರವಿದ್ದ ಕಾಲದಲ್ಲಿ, ಮಾರ್ತವ್ವ ಕಂಚುಗಾರ ಲಾಜರಪ್ಪನ ಹೆಂಡತಿಯಾಗಿ ಈ ಊರಿಗೆ ಬಂದಳಂತೆ. ಮದುವೆಯಾದ ವರ್ಷವೇ ಲಾಜರಪ್ಪ, ಮುಂದೆ ಹುಟ್ಟುವ ಕೂಸಿಗೆಂದು ಕಂಚಿನ ಒಳಲೆಯೊಂದನ್ನು ಎರಕ ಹೊಯ್ದ. ಕೂಸು ಬರಲಿಲ್ಲ. ತಲೆ ನೆರೆಯತೊಡಗಿದರೂ ಮಾರ್ತವ್ವ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕಿ ತೊಳೆದು, ಮತ್ತೆ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದಳು. ಹಾಲು ಕಾಣದ ಆ ಒಳಲೆ ಊರಿನ ಎಲ್ಲ ಪಾತ್ರೆಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು ಎನ್ನುತ್ತಾರೆ.

ಆಗಿನ ಪಾದ್ರಿಗಳಿಗೆ ಗಂಟೆಯ ಹಂಬಲ ಹತ್ತಿತು. “ನಾ ಚರಿಗಿ, ಗಂಗಾಳ ಮಾಡಾಂವ್ರೀ ಸ್ವಾಮಿ. ಗಂಟಿ ನನ್ನ ಕೈಲೆ ಆಗೂದಲ್ಲ” ಎಂದು ಲಾಜರಪ್ಪ ಹಿಂಜರಿದ. ಪಾದ್ರಿಗಳು ಬೈಬಲ್ ತೆರೆದು, ಅರಣ್ಯದಲ್ಲಿ ದೇವರ ಗುಡಾರ ಕಟ್ಟಿದ ಬೆಚಲೇಲನ ಕಥೆ ಓದಿದರು. “ಆತನ ಕೈಗೆ ಜಾಣತನ ಕೊಟ್ಟ ದೇವರು ನಿನ್ನ ಕೈ ಬಿಡ್ತಾನೇನಪ್ಪಾ?” ಆ ಗುಡಾರಕ್ಕೆ ಹೆಣ್ಣುಮಕ್ಕಳು ತಮ್ಮ ಕಂಚಿನ ಕನ್ನಡಿಗಳನ್ನೂ ಕೊಟ್ಟಿದ್ದರೆಂದು ಕೇಳಿ ಇಲ್ಲಿಯ ಹೆಂಗಸರೂ ಪಾತ್ರೆ ಹೊತ್ತು ತಂದರು. ಜನ ತಂದದ್ದು ಹೆಚ್ಚಾಗಿ ಅವರ ಮುಂದಾಳು ಮೋಶೆ ಸಾಕೆಂದು ತಡೆದದ್ದೂ ಅದೇ ಕಥೆಯಲ್ಲಿದೆಯಲ್ಲ, ತಾವೂ ಹಾಗೆ ತಡೆಯಬೇಕೆಂಬ ಆಸೆ ಪಾದ್ರಿಗಳಿಗೆ. ರಾಶಿ ಮೊಣಕಾಲು ಮುಟ್ಟುತ್ತಲೇ ಹೊಳೆಯಾಚೆಯಿಂದ ಬಂದವರನ್ನು ಪಾತ್ರೆ ಸಮೇತ ತಿರುಗಿ ಕಳಿಸಿಬಿಟ್ಟರು. ಪುಣ್ಯಾತ್ಮರು, ಅಷ್ಟು ಅವಸರ ಏನಿತ್ತೋ! ಮಾರ್ತವ್ವ ಮನೆಯ ಗಂಗಾಳಗಳನ್ನೆಲ್ಲ ಕೊಟ್ಟಳು. ಒಳಲೆಯನ್ನು ಮಾತ್ರ ಕೊಡಲಿಲ್ಲ.

ಎರಕದ ದಿನ ಹಳೆಯ ಪಾತ್ರೆಗಳ ಕಿಟ್ಟವೆಲ್ಲ ಉರಿದುಹೋಗಿ ಲೋಹ ಕರಗಿಸುವ ಮೂಸೆಯಲ್ಲಿ ಕಂಚಿನ ಮಟ್ಟ ಇಳಿಯಿತು. ಅಚ್ಚಿಗೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಡುವೆ ನಿಂತರೆ ಗಂಟೆ ಸೀಳಿಹೋಗುತ್ತದೆ. “ಒಂದು ಹಿಡಿ ಕಡಿಮಿ ಬಿತ್ತು” ಎಂದ ಲಾಜರಪ್ಪ ಹೆಂಡತಿಯತ್ತ ನೋಡಲಿಲ್ಲ, ಬಾಯಿಬಿಟ್ಟು ಕೇಳಲೂ ಇಲ್ಲ. ಮಾರ್ತವ್ವ ಅವನ ಹತ್ತಿರ ಬಂದಳು. “ನಮ್ಮ ಕೂಸು ಇನ್ನ ಬರಂಗಿಲ್ಲೇನ್ರೀ?” ಎಂದಳು. ಆತ ಬೆಂಕಿಯನ್ನೇ ನೋಡುತ್ತ, “ನನಗೇನು ಗೊತ್ತು, ಮಾರ್ತಾ” ಎಂದ. ಅವಳು ಮನೆಗೆ ಹೋಗಿ ಒಳಲೆ ತಂದಳು. ಸೆರಗಿನಿಂದ ಒರೆಸಿ, ಅದರ ಮೂತಿಯನ್ನು ಒಮ್ಮೆ ತುಟಿಗೆ ಒತ್ತಿಕೊಂಡು, ಮೂಸೆಗೆ ಹಾಕಿದಳು.

ಗಂಟೆ ಕುಂದಿಲ್ಲದೆ ಬಂತು. ಮಾರ್ತವ್ವನಿಗೆ ಮಕ್ಕಳಾಗಲಿಲ್ಲ, ಆದವೆಂದು ಹೇಳಿ ಕಥೆಗೆ ಬೆಲ್ಲ ಹಚ್ಚುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಸಾಯುವ ತನಕ ಸಂಜೆಯ ಗಂಟೆಯನ್ನು ಅವಳೇ ಬಾರಿಸಿದಳು. ನಾದ ಪೂರಾ ಅಡಗುವವರೆಗೆ ಅದರ ಕೆಳಗೇ ನಿಂತಿದ್ದು, ಆಮೇಲೆ ಅದನ್ನು ಅಂಗೈಯಿಂದ ಸವರಿ ದಿಬ್ಬ ಇಳಿಯುತ್ತಿದ್ದಳಂತೆ.

ಇಂದಿಗೂ ನೋಡಬಹುದು, ಗಂಟೆಯ ಅಂಚಿಗೆ ಹಾಲಿನ ಬಿಳಿ ಕಲೆ ಕಟ್ಟಿದೆ. ಸುತ್ತಲ ಊರುಗಳ ಬಾಣಂತಿಯರು, ಯಾವ ಜಾತಿಯವರೇ ಆಗಲಿ, ಕೂಸನ್ನೆತ್ತಿಕೊಂಡು ಬಂದು ಒಳಲೆಯ ಮೊದಲ ಹನಿಯನ್ನು ಅಲ್ಲಿಗೆ ಸವರುತ್ತಾರೆ. ಕಂಕುಳಲ್ಲಿ ಕೂಸು ಹಸಿದು ಅಳುತ್ತಿದ್ದರೆ ತಾಯಿ ರಮಿಸುತ್ತಾಳೆ: “ತಡಿ ನನ್ನಪ್ಪಾ, ಮೊದಲಿಗೆ ಮಾರ್ತವ್ವನ ಕೂಸು ಕುಡೀಲಿ.”