ಬೆನ್ನೆಲುಬಿನ ಪಾಲಿನ ತಿರುವು

ಟ್ರ್ಯಾಕ್ಟರ್ ಓಡಿಸುತ್ತ ಹಿಂದಿನ ನೇಗಿಲನ್ನು ಹೊರಳಿ ಹೊರಳಿ ನೋಡಿ ಹುಸೇನಪ್ಪನ ಬೆನ್ನೆಲುಬು ಬಿಗಿದುಹೋಗಿತ್ತು. ಅದು ಎಷ್ಟು ತಿರುಗುತ್ತದೆಂದು ಅಳೆಯಲು ವೈದ್ಯೆ ಕೋನಮಾಪಕ ಹಿಡಿದು ಬಂದಾಗ ಬೆನ್ನೆಲುಬು ಹೆದರಿ ಕೆಳಗಿನ ಸೊಂಟವನ್ನು ಕರೆಯಿತು.

"ಸೊಂಟಕ್ಕಾ, ಇವತ್ತು ನನ್ನ ಮಾನ ಹೋಗುತ್ತದೆ."

"ಯಾಕೋ ಹೆದರುತ್ತೀ? ನಾನಿಲ್ಲವೇ?" ಎಂದಿತು ಸೊಂಟ.

ಹುಸೇನಪ್ಪ ನಿಂತಲ್ಲೇ ಹೊರಳಿದ. ಬೆನ್ನೆಲುಬು ಕದಲಲಿಲ್ಲ, ಸೊಂಟವೇ ತಿರುಗಿ ಅವನ ಭುಜಗಳನ್ನು ಹಿಂದಕ್ಕೊಯ್ದಿತು.

"ಚೆನ್ನಾಗಿ ತಿರುಗುತ್ತದಲ್ಲ! ಮನೆಗೆ ಹೋಗಿಬನ್ನಿ," ಎಂದಳು ವೈದ್ಯೆ.

ಕೋನಮಾಪಕ ಬೆನ್ನೆಲುಬನ್ನು ಕೇಳಿತು: "ನಾನು ಅಳೆದದ್ದು ನಿನ್ನ ತಿರುವೇ?"

ಬೆನ್ನೆಲುಬು ತಡವರಿಸಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ನೋವೂ ಉಳಿಯುತ್ತದೆ. ಕೊನೆಗೆ ಧೈರ್ಯ ಮಾಡಿ ಒಂದು ಚಳುಕು ಕೊಟ್ಟಿತು.

"ಯಪ್ಪಾ!" ಎಂದು ಚೀರಿದ ಹುಸೇನಪ್ಪ.

ವೈದ್ಯೆಗೆ ಅನುಮಾನ ಬಂತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟ ಅಲುಗದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಅಳೆದಳು. ತಿರುವು ಇಲ್ಲವೆನ್ನುವಷ್ಟು ಕಡಿಮೆಯಿತ್ತು. "ಓಹೋ, ಬಿಗಿದಿರುವುದು ಇಲ್ಲಿ," ಎಂದು ಸರಿಯಾದ ಜಾಗಕ್ಕೇ ಕೈಯಿಟ್ಟಳು.

ದಿನವೂ ವ್ಯಾಯಾಮ ನಡೆಯಿತು. ಬೇಸಾಯದ ಕಾಲ ಬರುವಷ್ಟರಲ್ಲಿ ಬೆನ್ನೆಲುಬು ತಾನಾಗಿಯೇ ಹೊರಳಿ ನೇಗಿಲನ್ನು ತೋರಿಸತೊಡಗಿತು.

"ಸೊಂಟಕ್ಕಾ, ಮಾನ ಕಾಯಲು ಬಂದ ನಿನ್ನ ಅಕ್ಕರೆಯನ್ನು ಮರೆಯಲಾರೆ," ಎಂದಿತು ಅದು. "ಆದರೆ ನನ್ನನ್ನು ಉಳಿಸಿದ್ದು ಆ ಕೋನಮಾಪಕ. ನನ್ನಲ್ಲಿ ಇಲ್ಲದ್ದನ್ನು ಇದೆ ಎಂದು ಒಪ್ಪದೆ ಅದು ನನ್ನನ್ನೇ ಕೇಳಿತು."

"ನನ್ನದೂ ಒಂದು ನಮಸ್ಕಾರ ಹೇಳಪ್ಪಾ ಅದಕ್ಕೆ," ಎಂದಿತು ಸೊಂಟ. "ನಿನ್ನ ಪಾಲಿನದನ್ನೂ ತಿರುಗಿ ತಿರುಗಿ ನನ್ನ ಕೀಲುಗಳು ಸವೆದುಹೋಗಿದ್ದವು."