ಬರೆಯದವರ ಕುರಿಗಳು

"ಗುರುಗಳೇ, ಓದಿಯೂ ಒಂದು ಮಾತಾಡದವರನ್ನು ಗುಂಪಿನಲ್ಲಿ ಯಾಕೆ ಇಟ್ಟುಕೊಳ್ಳಬೇಕು?" ಎಂದು ಈರಭದ್ರ ಕೇಳಿದ.

ಈರಭದ್ರ ಮಠದ ಶಿಷ್ಯ. ಗುರುಗಳು ಸಂಜೆ ಹೇಳಿದ್ದನ್ನು ಮರುದಿನ ಬೆಳಿಗ್ಗೆ ಫೋನಿನ ಗುಂಪೊಂದರಲ್ಲಿ ಬರೆದು ಹಾಕುತ್ತಿದ್ದ. ಯಾರೂ ಹೇಳಿದ್ದಲ್ಲ, ತಾನೇ ಹಚ್ಚಿಕೊಂಡ ಕೆಲಸ. ಗುಂಪಿನಲ್ಲಿ ಮುನ್ನೂರ ನಲವತ್ತು ಜನರಿದ್ದರು. ಪ್ರಶ್ನೆ ಕೇಳುವವರು, ಚೆನ್ನಾಗಿದೆ ಎನ್ನುವವರು ಹೆಚ್ಚೆಂದರೆ ಹದಿನೈದು. ಉಳಿದವರ ಹೆಸರು ಕೂಡ ಅವನಿಗೆ ಗೊತ್ತಿಲ್ಲ, ಬರೀ ನಂಬರುಗಳು. ಬರುತ್ತಾರೆ, ಓದುತ್ತಾರೆ, ಹೋಗುತ್ತಾರೆ. ಈರಭದ್ರನಿಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು ಎನ್ನಬೇಕು. ಅಂಥವರನ್ನೆಲ್ಲ ಇವತ್ತೇ ತೆಗೆದುಹಾಕುವುದೆಂದು ತೀರ್ಮಾನಿಸಿಕೊಂಡು, ಗುರುಗಳ ಒಪ್ಪಿಗೆಗಾಗಿ ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತುಕೋ" ಎಂದು ಒಂದು ಕತೆ ಹೇಳಿದರು.

ಒಬ್ಬ ಕುರಿಗಾರನಿದ್ದ. ಕುರಿಯ ಕಾಯಿಲೆಗಳ ವಿಷಯದಲ್ಲಿ ಅವನದು ಪಳಗಿದ ಕೈ. ಅವನೂ ಫೋನಿನಲ್ಲಿ ಒಂದು ಗುಂಪು ಮಾಡಿದ. ಕುರಿ ಜೊಲ್ಲು ಸುರಿಸುತ್ತಿದೆ, ಕಾಲು ಎಳೆಯುತ್ತಿದೆ ಎಂದು ಯಾರಾದರೂ ಫೋಟೊ ಕಳಿಸಿದರೆ ಮದ್ದು ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಕಾಲಕಾಲಕ್ಕೆ ಎಚ್ಚರಿಕೆ ಬರೆಯುತ್ತಿದ್ದ. ಅದರಲ್ಲಿ ಮುಖ್ಯವಾದದ್ದು ಮೊದಲ ಮಳೆಯದು. ಮಳೆ ಬಿದ್ದು ವಾರವಾಗುವಷ್ಟರಲ್ಲಿ ಹುಲ್ಲು ಚಿಗುರುತ್ತದೆ. ಹಸಿದ ಕುರಿಯನ್ನು ಅದರ ಮೇಲೆ ಬಿಟ್ಟರೆ ಗಬಗಬ ತಿನ್ನುತ್ತದೆ, ಹೊಟ್ಟೆಯಲ್ಲಿ ನಂಜಾಗುತ್ತದೆ, ದಿನ ಕಳೆಯುವುದರೊಳಗೆ ಸಾಯುತ್ತದೆ. ಬೆಳಿಗ್ಗೆ ಒಣಮೇವು ತಿನ್ನಿಸಿ ಆಮೇಲೆ ಬಿಡಿ, ಬಿಟ್ಟರೂ ಸ್ವಲ್ಪ ಹೊತ್ತಷ್ಟೇ ಎಂದು ಪ್ರತಿ ವರ್ಷ ಮೋಡ ಕಟ್ಟಿದ ಕೂಡಲೆ ಬರೆಯುತ್ತಿದ್ದ.

ಎಂಟುನೂರು ಜನ ಓದುತ್ತಿದ್ದರು. ಬರೆಯುತ್ತಿದ್ದವರು ಇಪ್ಪತ್ತು. ನಾಲ್ಕು ವರ್ಷ ನೋಡಿದ. ಐದನೆಯ ವರ್ಷ ರೇಗಿಹೋಯಿತು. ನಾನೇನು ಗೋಡೆಯ ಮುಂದೆ ಮಾತಾಡುತ್ತಿದ್ದೇನೆಯೇ ಅಂದುಕೊಂಡ. ಸೋಮವಾರದೊಳಗೆ ಪ್ರತಿಯೊಬ್ಬರೂ ಹೆಸರು, ಊರು ಬರೆದು ಒಂದು ಮಾತಾದರೂ ಆಡಬೇಕು, ಇಲ್ಲದಿದ್ದರೆ ಹೊರಗೆ ಎಂದು ಅಪ್ಪಣೆ ಹೊರಡಿಸಿದ. ಹೆದರಿಕೊಂಡು ನೂರು ಜನ ನಮಸ್ಕಾರ ಹಾಕಿದರು, ಹೂವಿನ ಚಿತ್ರ ಹಾಕಿದರು. ಮಿಕ್ಕವರು ಸುಮ್ಮನಿದ್ದರು. ಸೋಮವಾರ ಅವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದ. ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೆಲಸ ಮುಗಿದಾಗ ಮನಸ್ಸು ಹಗುರಾಯಿತು. ಈಗ ಇರುವವರು ನನ್ನವರು ಎಂದು ಬೀಗಿದ.

ಆ ವರ್ಷವೂ ಮೋಡ ಕಟ್ಟಿತು. ಎಂದಿನಂತೆ ಎಚ್ಚರಿಕೆ ಬರೆದ. ನಮಸ್ಕಾರಗಳು ಬಂದವು. ಮಳೆಯಾಗಿ ಹತ್ತು ದಿನವಾದ ಮೇಲೆ ಕುರಿಗಳಿಗೆ ನೀರು ಕುಡಿಸಲು ಪಕ್ಕದ ಊರಿನ ಕೆರೆಗೆ ಹೋದ. ದಂಡೆಯ ಮೇಲೆ ಒಬ್ಬ ಹೆಂಗಸು ಗುಂಡಿ ತೋಡುತ್ತಿದ್ದಳು. ಹತ್ತಿರದಲ್ಲೇ ಹದಿನೇಳು ಕುರಿಗಳು ಹೊಟ್ಟೆ ಉಬ್ಬಿ ಸತ್ತು ಬಿದ್ದಿದ್ದವು. ನೋಡಿದ ಕೂಡಲೆ ಅವನಿಗೆ ಕಾರಣ ತಿಳಿಯಿತು.

"ಖಾಲಿ ಹೊಟ್ಟೀಲೆ ಎಳೀ ಹುಲ್ಲಿಗೆ ಬಿಟ್ಟಿಯೇನವ್ವ? ಮೊದಲ ಒಣಮೇವು ಹಾಕಬೇಕಂತ ಗೊತ್ತಿರಲಿಲ್ಲೇನು?"

"ಗೊತ್ತೈತ್ರಿ. ನಾಕು ವರ್ಷ ಹಂಗ ಮಾಡೀನಿ. ಒಬ್ಬರು ಫೋನಿನ್ಯಾಗ ಬರೀತಿದ್ರು. ಅವರು ಬರೆದ್ರಂದ್ರ ನಾ ಒಣಮೇವು ಹಾಕ್ತಿದ್ದೆ. ಈ ವರ್ಷ ದಿನಾ ತಗದು ನೋಡಿದೆ, ಅವರು ಬರೀಲೇ ಇಲ್ಲ. ಈ ಸಲ ಹುಲ್ಲಿನ್ಯಾಗ ನಂಜಿಲ್ಲ ಅಂತ ತಿಳಕೊಂಡೆ."

ಅವಳು ಫೋನ್ ತೆಗೆದು ತೋರಿಸಿದಳು. ಹಳೆಯ ಬರಹಗಳೆಲ್ಲ ಅದರಲ್ಲಿ ಹಾಗೇ ಇದ್ದವು. ತನ್ನನ್ನು ಹೊರಗೆ ಹಾಕಿದ್ದಾರೆ ಎಂಬುದೇ ಅವಳಿಗೆ ಗೊತ್ತಾಗಿರಲಿಲ್ಲ. ಆ ಬರಹಗಳು ತನ್ನವೇ ಎಂದು ಕುರಿಗಾರ ಗುರುತಿಸಿದ. ಆದರೂ ಕೇಳಿದ.

"ನಾಕು ವರ್ಷದಾಗ ಅವರಿಗೆ ಒಂದು ಮಾತರ ಬರೀಬೇಕಿತ್ತಲ್ಲವ್ವ?"

"ಹೆಸರು ಬರೀರಿ ಅಂದಿದ್ರು. ಅದು ತಿಳದೋರಿಗೆ ಹೇಳಿದ್ದು, ನನಗಲ್ಲ ಅಂತ ಬಿಟ್ಟೆ. ಕುರಿ ಸತ್ತೋರು ಬರೀತಾರ್ರಿ. ನನ್ನ ಕುರಿ ಒಂದೂ ಸತ್ತಿರಲಿಲ್ಲ. ಏನಂತ ಬರೀಲಿ?"

ಬರೆಯುತ್ತಿದ್ದವನು ತಾನೇ ಎಂದು ಹೇಳುವ ಧೈರ್ಯ ಕುರಿಗಾರನಿಗೆ ಆಗಲಿಲ್ಲ. ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಗುಂಡಿಯನ್ನು ತಾನು ತೋಡಿದ. ಹದಿನೇಳನ್ನೂ ಮಣ್ಣು ಮಾಡಿ ಮನೆಗೆ ಬಂದು, ತಾನು ತೆಗೆದುಹಾಕಿದವರ ನಂಬರುಗಳನ್ನು ಹುಡುಕಲು ಕೂತ. ಎಷ್ಟೋ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರನಿಗೆ ಆ ಹೆಂಗಸಿನ ಬಗ್ಗೆ ಮರುಕವಾಗಿತ್ತು. ಆದರೆ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

"ಕತೆ ಸರಿ, ಗುರುಗಳೇ. ಆದರೆ ನನ್ನ ಗುಂಪಿನಲ್ಲಿ ಯಾರ ಕುರಿಯೂ ಸಾಯುವುದಿಲ್ಲ. ಸುಮ್ಮನೆ ಕೂತವರು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾನು ನಂಬುವುದು ಹೇಗೆ?"

ಗುರುಗಳು ನಕ್ಕರು.

"ನಿನ್ನೆಯವರೆಗೆ ಒಂಬತ್ತು ವರ್ಷ ನೀನು ನನ್ನೆದುರು ತುಟಿ ಪಿಟಕ್ಕೆನ್ನದೆ ಕೂತಿದ್ದೆ, ನಾನು ನಂಬಿದೆನಲ್ಲ, ಹಾಗೆ."