ಗೀಜಗನ ಪಾಠದಲ್ಲಿ ಹಿಮ

ಕೆರೆದಂಡೆಯ ಹಕ್ಕಿಗಳ ವಿಶ್ವವಿದ್ಯಾಲಯದಲ್ಲಿ ಗೀಜಗನೇ ಮೇಷ್ಟ್ರು. ಪ್ರಬಂಧ ಬರೆಯುವುದು ಹೇಗೆಂದು ಹೊಸ ವಿದ್ಯಾರ್ಥಿಗಳಿಗೆ ಕಲಿಸಲು ಅದು ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸಿತ್ತು. "ನಿಮ್ಮ ಮಾತಿನಲ್ಲೇ ಬರೆಯಿರಿ; ಇನ್ನೊಬ್ಬರ ಮಾತು ತೆಗೆದುಕೊಂಡರೆ ಅವರ ಹೆಸರು ಹೇಳಿ" ಎಂಬುದು ಮೊದಲ ಪಾಠ.

ಗೂಡು ಕಟ್ಟುವುದರ ಬಗ್ಗೆ ಗಿಳಿ ಬರೆದ ಪ್ರಬಂಧ ಓದುತ್ತಿದ್ದಂತೆ ಗೀಜಗನ ಪಿತ್ತ ನೆತ್ತಿಗೇರಿತು.

"'ಹಿಮ ಕರಗಿದ ಮೇಲೆ ಗೂಡಿನ ಕೆಲಸಕ್ಕೆ ತೊಡಗಬೇಕು.' ಏನಯ್ಯಾ ಇದು? ಈ ಜಾಲಿಮರದ ಮೇಲೆ ಯಾವತ್ತಾದರೂ ಹಿಮ ಕಂಡಿದ್ದೀಯಾ?"

"ಇಲ್ಲ, ಗುರುಗಳೇ."

"ನಿಮ್ಮಪ್ಪ ಕಂಡಿದ್ದನೇ? ನಿಮ್ಮಜ್ಜ?"

"ಅವರೂ ಇಲ್ಲ."

"ಮತ್ತೆ? ಗಿಳಿಗಳು ಮರದ ಪೊಟರೆಯಲ್ಲಿರುವವರು, ಗೂಡು ಕಟ್ಟುವುದೇ ಇಲ್ಲ. ಅದನ್ನೇ ಬರೆದಿದ್ದರೂ ಪೂರ್ತಿ ಅಂಕ ಕೊಡುತ್ತಿದ್ದೆ! ನಿಮಗೆ ಹೇಳಿ ಹೇಳಿ ನನ್ನ ಕೊಕ್ಕು ಸವೆದುಹೋಯಿತು. ಈ ಸಾಲು ಯಾರದು? ಹೆಸರು ಹೇಳು!"

ಗಿಳಿ ಕುತ್ತಿಗೆ ಕೊಂಕಿಸಿ ನೋಡಿತು. "ನಿಮ್ಮದೇ, ಗುರುಗಳೇ. ನಿಮ್ಮ ಕೊನೆಯ ಪಾಠದ ಮಾದರಿ ಪ್ರಬಂಧದಲ್ಲಿದೆ."

"ಸುಳ್ಳು!" ಎನ್ನುತ್ತಾ ಗೀಜಗ ಪಾಠವನ್ನು ತೆರೆಯಿತು. ಸಾಲು ಅಲ್ಲೇ ಇತ್ತು, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ. ಅದರ ಕೆಳಗೆ ಯಾರ ಹೆಸರೂ ಇರಲಿಲ್ಲ. ಗೀಜಗ ಪಾಠವನ್ನು ಮೆಲ್ಲಗೆ ಮುಚ್ಚಿತು.

ಚಳಿಗಾಲ ಕಳೆಯಲು ಹಿಮದ ನಾಡಿನಿಂದ ಹಾರಿಬಂದಿದ್ದ ಹೆಬ್ಬಾತು ಕೆರೆಯ ನೀರಿನಿಂದಲೇ ಕತ್ತೆತ್ತಿ ಕೇಳಿತು: "ಮೇಷ್ಟ್ರೇ, ಹೆಸರು ನಾನು ಹೇಳಲೇ?"